ಹಳ್ಳದ ಪಂಪು ನೀರೆತ್ತದಿದ್ದರೆ ಮೊದಲು ನೋಡಬೇಕಾದದ್ದು ಪಂಪನ್ನಲ್ಲ

ದೀಪಾವಳಿ ಕಳೆದು, ಹಳ್ಳದ ಕೆಂಪು ನೀರು ತಿಳಿಯಾಗಿ, ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೇ ಒಂದು ದಿನ ತೋಟದ ಮಣ್ಣು ಒಣಗಿದ್ದು ಅಂಗಾಲಿಗೆ ತಿಳಿಯುತ್ತದೆ. ಹಳ್ಳದ ದಂಡೆಯ ಪಂಪು ನೆನಪಾಗುವುದು ಆಗ. ಜೂನ್ ಮೊದಲ ವಾರ ಪ್ಲಾಸ್ಟಿಕ್ ಹೊದಿಸಿ, ಮೇಲೊಂದು ಕಲ್ಲು ಹೇರಿ ಬಿಟ್ಟು ಬಂದದ್ದು. ಇಂಬಳಕ್ಕೆ ಹೆದರಿ ಮಳೆಗಾಲವಿಡೀ ಆ ಕಡೆ ಯಾರೂ ತಲೆ ಹಾಕಿರುವುದಿಲ್ಲ. ಈಗ ಸ್ಟಾರ್ಟರ್ ಒತ್ತಿದರೆ ಗುಂಯ್ ಎನ್ನುತ್ತದೆ, ಪೈಪಿನ ತುದಿಯಲ್ಲಿ ಒಂದಿಷ್ಟು ನೀರು ಉಗುಳಿ ಸುಮ್ಮನಾಗುತ್ತದೆ.

ಎರಡು ವರ್ಷದ ಹಿಂದೆ ಸಾಗರದ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ಹೀಗೇ ಆಯಿತು. ಮೊದಲು ಬಂದ ಮೆಕ್ಯಾನಿಕ್ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಸವೆದಿದೆ ಎಂದು ಬದಲಿಸಿದ. ಎರಡನೆಯವನು ಮೋಟರಿಗೆ ಶಕ್ತಿ ಇಲ್ಲವೆಂದು ರಿವೈಂಡಿಂಗಿಗೆ ಒಯ್ದ. ಎರಡೂ ಮುಗಿದ ಮೇಲೆ ನನಗೆ ಕರೆ ಬಂತು.

"ದೊಡ್ಡಪ್ಪ, ಫುಟ್‌ವಾಲ್ವ್ ಮೇಲೆತ್ತಿ ನೋಡಿದ್ದೀರಾ?"

"ಅದು ಹೋದ ವರ್ಷವಷ್ಟೇ ಹೊಸದು ಹಾಕಿದ್ದಲ್ಲವೇ ತಮ್ಮಾ, ಅದಕ್ಕೇನಾಗುತ್ತದೆ?"

ಫುಟ್‌ವಾಲ್ವ್ ಎಂದರೆ ಪೈಪಿನ ನೀರೊಳಗಿನ ತುದಿಯಲ್ಲಿ ಜಾಲರಿಯೊಂದಿಗೆ ಕೂರುವ, ತುಂಬಿದ ನೀರು ಹಿಂದೆ ಇಳಿಯದಂತೆ ತಡೆಯುವ ಮುಚ್ಚಳ. ಇಬ್ಬರು ಸೇರಿ ಪೈಪು ಎತ್ತಿದೆವು. ಜಾಲರಿಗೆ ಒಣ ಎಲೆಯ ದರಕು ಅಂಟಿಕೊಂಡು ಕಪ್ಪು ಮುದ್ದೆಯಾಗಿತ್ತು. ಅದನ್ನು ಕೆರೆದು ತೆಗೆದು ಒಳಗೆ ಬೆರಳು ಹಾಕಿದರೆ, ಮುಚ್ಚಳದ ರಬ್ಬರಿಗೂ ಅದು ಬಂದು ಕೂರುವ ಅಂಚಿಗೂ ನಡುವೆ ಬೆರಳುದ್ದದ ಒಂದು ಬಿದಿರಿನ ಚಕ್ಕೆ ಸಿಕ್ಕಿಕೊಂಡಿತ್ತು. ಮುಚ್ಚಳ ಅಷ್ಟೇ ಅಗಲ ತೆರೆದುಕೊಂಡಿತ್ತು. ಪಂಪು ಚಾಲು ಮಾಡುವ ಮುನ್ನ ಎಷ್ಟು ಕೊಡ ನೀರು ತುಂಬಿಸಿದರೂ ಅಲ್ಲಿಂದಲೇ ಮತ್ತೆ ಹಳ್ಳಕ್ಕೆ ಇಳಿಯುತ್ತಿತ್ತು. ದೊಡ್ಡಪ್ಪ ಆ ಚಕ್ಕೆಯನ್ನು ಎಸೆಯಲಿಲ್ಲ. ಇವತ್ತಿಗೂ ಸ್ಟಾರ್ಟರ್ ಪೆಟ್ಟಿಗೆಯ ಮೇಲಿದೆ.

ಊರಿಗೆ ಮರಳುವ ಮುನ್ನ ನಾನು ನಾಲ್ಕು ವರ್ಷ ಗೋವಾದಲ್ಲಿ ಪ್ರವಾಸಿ ದೋಣಿಗಳ ಎಸಿ ದುರಸ್ತಿ ಮಾಡುತ್ತಿದ್ದೆ. ಮನೆಯ ಎಸಿ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ, ದೋಣಿಯದು ಸಮುದ್ರದ ನೀರಿಗೆ ಬಿಡುತ್ತದೆ. ಅದಕ್ಕಾಗಿ ಒಂದು ಪುಟ್ಟ ಪಂಪು ದೋಣಿಯ ತಳದ ವಾಲ್ವಿನಿಂದ ನೀರು ತೆಗೆದುಕೊಂಡು, ಜಾಲರಿಯಲ್ಲಿ ಸೋಸಿ, ಸುರುಳಿ ಕೊಳವೆಯ ಮೂಲಕ ಹಾಯಿಸಿ ಬದಿಯಿಂದ ಮತ್ತೆ ಸಮುದ್ರಕ್ಕೆ ಬಿಡುತ್ತದೆ. ಒಂದು ಟನ್ನಿನ ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಸಾಕು. ಆ ನೀರು ನಿಂತರೆ ಗ್ಯಾಸಿನ ಒತ್ತಡ ಏರಿ ಎಸಿ ತಾನಾಗಿ ಬಂದ್ ಆಗುತ್ತದೆ. ಬಂದ್ ಆದ ಎಸಿ ನೋಡಲು ಹೋದವನು ಎಸಿಯನ್ನು ಮುಟ್ಟುವಂತಿರಲಿಲ್ಲ. ಮೊದಲು ಜಾಲರಿ, ಆಮೇಲೆ ಪೈಪಿನೊಳಗಿನ ಗಾಳಿ, ಆಮೇಲೆ ಉಳಿದದ್ದು. ಹೆಚ್ಚಿನ ದಿನ ಮೊದಲ ಎರಡರಲ್ಲೇ ಕೆಲಸ ಮುಗಿಯುತ್ತಿತ್ತು.

ಊರಿನ ಹಳ್ಳದ ಪಂಪಿಗೂ ನಾನು ಇದೇ ಕ್ರಮ ಹಿಡಿದಿದ್ದೇನೆ. ವ್ಯತ್ಯಾಸವೊಂದಿದೆ. ದೋಣಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುತ್ತಾರೆ, ನೀರು ತಾನೇ ಹರಿದು ಬಂದು ಅದರೊಳಗೆ ತುಂಬುತ್ತದೆ. ಮೋಟರೂ ಪಂಪೂ ಒಂದೇ ಶಾಫ್ಟಿನಲ್ಲಿರುವ ನಮ್ಮ ಮಾನೊಬ್ಲಾಕ್ ಪಂಪು ದಂಡೆಯ ಮೇಲೆ ಕೂತು ಕೆಳಗಿನ ನೀರನ್ನು ಎತ್ತಬೇಕು. ಎತ್ತಬೇಕು ಎನ್ನುವುದೂ ತಪ್ಪು ಮಾತೇ. ಪಂಪು ನೀರನ್ನು ಎಳೆಯುವುದಿಲ್ಲ. ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡಿಕೊಂಡು ಕೂರುತ್ತದೆ, ಹೊರಗಿನ ಗಾಳಿಯ ಭಾರ ಹಳ್ಳದ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಕಡಲ ತೀರದಲ್ಲಿ ಆ ಭಾರ 10.3 ಮೀಟರ್ ಎತ್ತರದ ನೀರಿಗೆ ಸಮ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವ ನಮ್ಮಲ್ಲಿ ಅದು 9.6ರ ಆಸುಪಾಸು. ಇದು ಲೆಕ್ಕದ ಮಾತು. ಪೈಪಿನ ತಿಕ್ಕಾಟ, ಫುಟ್‌ವಾಲ್ವಿನ ತಡೆ, ಪಂಪಿಗೆ ಬೇಕಾದ ಉಳಿಕೆ ಒತ್ತಡ ಎಲ್ಲ ಕಳೆದರೆ ಆರು ಮೀಟರಿಗಿಂತ ಕೆಳಗಿನ ನೀರಿಗೆ ಆಸೆ ಪಡಬಾರದು. ಐದರೊಳಗಿದ್ದರೆ ನೆಮ್ಮದಿ. ದಂಡೆ ಎತ್ತರವಿದ್ದರೆ ಪಂಪನ್ನು ಕೆಳಗಿಳಿಸಿ. ಹೆಚ್ಚು ಅಶ್ವಶಕ್ತಿಯ ಪಂಪು ತಂದರೆ ಸರಿಹೋದೀತು ಎಂದು ಸಾಲ ಮಾಡಿದವರನ್ನು ಕಂಡಿದ್ದೇನೆ. ಗಾಳಿಯ ಭಾರವನ್ನು ಯಾವ ಅಂಗಡಿಯವನೂ ಮಾರುವುದಿಲ್ಲ.

ಮೊದಲು ಕರೆಂಟು

ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸ್ವಿಚ್ ಕೆಳಗಿಳಿಸಿದರೆ ಸಾಲದು. ನಮ್ಮಲ್ಲಿ ತ್ರೀ ಫೇಸ್ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ, ನೀವು ಹಳ್ಳದಲ್ಲಿರುವಾಗ ಮನೆಯಿಂದ ಯಾರೋ ಬಂದು ಉಪಕಾರ ಮಾಡಲು ಹೋಗಿ ಒತ್ತಿಬಿಡಬಹುದು.

ಸ್ಟಾರ್ಟರ್ ಪೆಟ್ಟಿಗೆಯನ್ನು ನಿಧಾನವಾಗಿ ತೆರೆಯಿರಿ. ಹಲ್ಲಿ ಇದ್ದೇ ಇರುತ್ತದೆ. ಅದಕ್ಕಿಂತ ತೊಂದರೆ ಕೊಡುವುದು ಇರುವೆ. ಕರೆಂಟು ಕೂಡಿಸುವ ಕಾಂಟ್ಯಾಕ್ಟರಿನ ಬಿಂದುಗಳ ನಡುವೆ ಸತ್ತು ಒಣಗಿ ಪದರವಾಗಿ ಕೂತರೆ ಒಂದು ಫೇಸು ಸರಿಯಾಗಿ ಕೂಡುವುದಿಲ್ಲ, ಎರಡೇ ಫೇಸಿನಲ್ಲಿ ಓಡಿದ ಮೋಟರು ಸುಡುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಮರಳು ಕಾಗದ ಹಾಕಿ ಉಜ್ಜಬೇಡಿ.

ಆಮೇಲೆ ಮೋಟರಿನ ತೇವ. ಆರು ತಿಂಗಳ ಮಳೆ, ಮಂಜು ಕುಡಿದ ಸುರುಳಿಗೆ ನೇರ ಕರೆಂಟು ಕೊಡುವುದು ಜೂಜು. ಸುರುಳಿಯಿಂದ ಮೋಟರಿನ ಮೈಗೆ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲಿ ಇದ್ದರೆ 500 ವೋಲ್ಟಿನಲ್ಲಿ ನೋಡಿಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಚಾಲು ಮಾಡಬೇಡಿ. ಮೋಟರಿನ ಪಕ್ಕ ಹಳೆಯ ಮಾದರಿಯ 100 ವ್ಯಾಟ್ ಬಲ್ಬು ಉರಿಸಿ, ಮೇಲೆ ತಗಡು ಮುಚ್ಚಿ ಒಂದೆರಡು ದಿನ ಬಿಡಿ, ಒಣಗುತ್ತದೆ. ಬೆಚ್ಚಗಿರಲೆಂದು ಗೋಣಿಚೀಲ ಹೊದಿಸುವವರಿದ್ದಾರೆ. ಬಲ್ಬಿಗೆ ಗೋಣಿ ತಾಗಿ ಪಂಪ್‌ಹೌಸೇ ಹೊತ್ತಿಕೊಂಡರೆ ಮೋಟರು ಒಣಗಿಸಿ ಫಲವೇನು?

ಹಳ್ಳದೊಳಗೆ

ನಮ್ಮ ಕಡೆ ಮಳೆ ನಿಂತ ಮೇಲೆ ಹಳ್ಳಕ್ಕೆ ಕಟ್ಟ ಹಾಕುವ ರೂಢಿಯಿದೆ. ಕಲ್ಲು, ಮಣ್ಣು, ಸೊಪ್ಪು ಒಡ್ಡಿ ನೀರು ನಿಲ್ಲಿಸುತ್ತೇವೆ. ಕಟ್ಟಕ್ಕೆ ಒತ್ತಿಯೇ ಫುಟ್‌ವಾಲ್ವ್ ಇಡಬೇಡಿ, ಹೂಳು ಬಂದು ಕೂರುವುದು ಅಲ್ಲಿಯೇ. ಒಂದೆರಡು ಮಾರು ಮೇಲಕ್ಕೆ, ನೀರು ಆಳವಿದ್ದು ನಿಧಾನವಾಗಿರುವ ಕಡೆ ಇಡಿ. ತಳದಿಂದ ಒಂದು ಅಡಿ ಎತ್ತರದಲ್ಲಿರಲಿ, ಮೇಲೆ ಎರಡು ಅಡಿಯಾದರೂ ನೀರಿರಲಿ. ಮೇಲೆ ನೀರು ಕಡಿಮೆಯಾದರೆ ಸುಳಿ ಬಿದ್ದು ಅದರೊಂದಿಗೆ ಗಾಳಿ ಒಳಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಹಳ್ಳ ಬಡವಾದಾಗ ಈ ಸುಳಿ ಕಣ್ಣಿಗೇ ಕಾಣುತ್ತದೆ. ಆಗ ಒಂದು ಹಲಗೆ ತೇಲಿಬಿಟ್ಟು ಹಗ್ಗದಿಂದ ಅಲ್ಲೇ ಕಟ್ಟಿದರೆ ಸುಳಿ ಒಡೆಯುತ್ತದೆ.

ಫುಟ್‌ವಾಲ್ವಿನ ಜಾಲರಿಯೊಂದನ್ನೇ ನಂಬಿ ಕೂರಬೇಡಿ. ಅಡಿಕೆ ದಬ್ಬೆಯಿಂದ ಒಂದು ಬುಟ್ಟಿಯಂಥದ್ದು ಕಟ್ಟಿ, ಅದರ ಸುತ್ತ ಹಸಿರು ನೆರಳುಬಲೆ ಸುತ್ತಿ, ಫುಟ್‌ವಾಲ್ವನ್ನು ಅದರೊಳಗೆ ಇಳಿಬಿಡಿ. ಬುಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದು. ಬಲೆಯ ಮೇಲ್ಮೈ ಹೆಚ್ಚಿದ್ದರೆ ನೀರು ನುಗ್ಗುವ ವೇಗ ತಗ್ಗುತ್ತದೆ, ದರಕು ಹೀರಿಕೊಂಡು ಅಂಟುವುದಿಲ್ಲ. ಬಲೆಗೆ ಹಾವಸೆ ಕಟ್ಟುತ್ತದೆ, ಜಂಬಿಟ್ಟಿಗೆಯ ಒರತೆ ಸೇರುವ ಕಡೆಯಾದರೆ ಕಿಟ್ಟದಂಥ ಕೆಂಪು ಲೋಳೆಯೂ ಹಿಡಿಯುತ್ತದೆ. ವಾರಕ್ಕೊಮ್ಮೆ ಕಡ್ಡಿಪೊರಕೆ ಆಡಿಸಿದರೆ ಹೋಗುತ್ತದೆ. ದೋಣಿಗಳಲ್ಲಿ ಕೊಳವೆಯ ಒಳಗೋಡೆಗೆ ಚಿಪ್ಪಿನ ಜೀವಿಗಳು ಕಚ್ಚಿಕೊಂಡು ಗಟ್ಟಿಯಾಗುತ್ತಿದ್ದವು, ತೆಗೆಯಲು ಆಮ್ಲವೇ ಬೇಕಾಗುತ್ತಿತ್ತು. ಆ ಲೆಕ್ಕದಲ್ಲಿ ಸಿಹಿನೀರಿನವರು ಪುಣ್ಯವಂತರು.

ಫುಟ್‌ವಾಲ್ವನ್ನು ಮೇಲೆತ್ತಿದಾಗ ಬಿಚ್ಚಿಯೇ ನೋಡಿ. ಮುಚ್ಚಳದ ರಬ್ಬರು ಅಥವಾ ಚರ್ಮ ಬಿರುಕು ಬಿಟ್ಟಿದೆಯೇ, ಕೀಲು ಸಲೀಸಾಗಿ ಆಡುತ್ತದೆಯೇ, ಏಡಿ ಸಂಸಾರ ಹೂಡಿದೆಯೇ. ನಂತರ ತಲೆಕೆಳಗು ಮಾಡದೆ, ಬಳಕೆಯಲ್ಲಿರುವ ಹಾಗೆಯೇ ನೆಟ್ಟಗೆ ಹಿಡಿದು ಮೇಲಿನಿಂದ ಒಂದು ಚೊಂಬು ನೀರು ಸುರಿಯಿರಿ. ಐದು ನಿಮಿಷ ನಿಂತರೆ ವಾಲ್ವು ಸರಿ.

ಫುಟ್‌ವಾಲ್ವಿನಿಂದ ಪಂಪಿನ ತನಕ

ಇಡೀ ವ್ಯವಸ್ಥೆಯ ಮರ್ಮ ಇರುವುದು ಈ ಹತ್ತು ಹದಿನೈದು ಅಡಿಯಲ್ಲಿ. ತೋಟಕ್ಕೆ ನೀರೊಯ್ಯುವ ಡೆಲಿವರಿ ಪೈಪಿನಲ್ಲಿ ತೂತಾದರೆ ನೀರು ಚಿಮ್ಮಿ ದಾರಿಹೋಕನಿಗೂ ಕಾಣುತ್ತದೆ. ಹಳ್ಳದಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ತೂತು ಹೊರಗೆ ಏನನ್ನೂ ತೋರಿಸುವುದಿಲ್ಲ, ಗಾಳಿಯನ್ನು ಸದ್ದಿಲ್ಲದೆ ಒಳಗೆ ಎಳೆದುಕೊಳ್ಳುತ್ತದೆ. ಸೂಜಿಮೊನೆಯಷ್ಟು ತೂತು ಸಾಕು, ಪಂಪು ಗಾಳಿ ನುಂಗಿ ನೀರೆತ್ತುವುದನ್ನೇ ಬಿಡುತ್ತದೆ.

ಪೈಪು ಹಳ್ಳದಿಂದ ಪಂಪಿನ ತನಕ ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಬೆನ್ನು ಉಬ್ಬಿ ಮತ್ತೆ ಇಳಿದರೆ ಆ ಉಬ್ಬಿನಲ್ಲಿ ಗಾಳಿ ಗುಳ್ಳೆ ಕೂರುತ್ತದೆ. ದೋಣಿಯಲ್ಲೂ ಇದೇ ನಿಯಮ, ಪೈಪು ಹಾವಿನ ಹಾಗೆ ಹೊಯ್ದಾಡಿದ್ದನ್ನು ಕಂಡರೆ ನನ್ನ ಮೇಸ್ತ್ರಿ ಬೈಯುತ್ತಿದ್ದರು. ಪೈಪಿನ ಅಳತೆ ಪಂಪಿನ ಬಾಯಿಗಿಂತ ಕಿರಿದಾಗಿರಕೂಡದು, ಒಂದು ಅಳತೆ ದೊಡ್ಡದಿದ್ದರೆ ಉತ್ತಮ. ಬೆಂಡುಗಳನ್ನು ಆದಷ್ಟು ಕಡಿಮೆ ಮಾಡಿ, ಪಂಪಿನ ಬಾಯಿಗೆ ತಾಗಿಕೊಂಡಂತೆ ಬೆಂಡು ಬೇಡವೇ ಬೇಡ.

ಪೈಪು ಜೋಡಿಸುವ ಫ್ಲ್ಯಾಂಜಿನ ನಡುವಿನ ಗ್ಯಾಸ್ಕೆಟ್‌ಗೆ ಸೈಕಲ್ ಟ್ಯೂಬು ಕತ್ತರಿಸಿ ಹಾಕುವುದು ನಮ್ಮ ಹಳೆಯ ಅಭ್ಯಾಸ. ಹಾಕಿ, ತಪ್ಪಿಲ್ಲ. ಆದರೆ ಎರಡು ಮೂರು ತುಂಡು ಜೋಡಿಸಿ ಉಂಗುರ ಮಾಡಬೇಡಿ, ಆ ಜೋಡಣೆಯಿಂದಲೇ ಗಾಳಿ ಹೋಗುತ್ತದೆ. ಲಾರಿ ಟ್ಯೂಬಿನಲ್ಲಿ ಒಂದೇ ತುಂಡಿನ ಉಂಗುರ ಸಿಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಪಂಪಿನ ಮೇಲಿನ ಬಿರಡೆ ತೆಗೆದು, ಪೈಪೂ ಪಂಪೂ ತುಂಬಿ ತುಳುಕುವ ತನಕ ನೀರು ಹಾಕಿ. ಕಾಲು ಗಂಟೆ ಕಾಯಿರಿ. ಮಟ್ಟ ಇಳಿಯದಿದ್ದರೆ ದೊಡ್ಡ ಸೋರಿಕೆ ಇಲ್ಲ. ಇಳಿದರೆ ಜಾಯಿಂಟುಗಳನ್ನು ಒಣ ಕೈಯಲ್ಲಿ ಸವರಿ, ಯಾವುದು ಒದ್ದೆ ಎಂದು ತಿಳಿಯುತ್ತದೆ. ಯಾವುದೂ ಒದ್ದೆಯಿಲ್ಲದಿದ್ದರೆ ಕಳ್ಳ ನೀರೊಳಗಿನ ಫುಟ್‌ವಾಲ್ವೇ.

ಕೆಲವು ತೂತು ನೀರು ಬಿಡುವುದಿಲ್ಲ, ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಅದನ್ನು ಹಿಡಿಯಲು ಊದುಬತ್ತಿ ಬೇಕು, ಈ ಪರೀಕ್ಷೆ ಮಾತ್ರ ಮುಂದೆ ಹೇಳುವಂತೆ ಪಂಪು ಚಾಲು ಮಾಡಿದ ಮೇಲೆ. ಗಾಳಿ ಆಡದ ಬೆಳಗಿನ ಹೊತ್ತು ಪಂಪು ಓಡುತ್ತಿರುವಾಗ ಹಚ್ಚಿದ ಊದುಬತ್ತಿಯನ್ನು ಒಂದೊಂದೇ ಜಾಯಿಂಟಿನ ಸುತ್ತ ನಿಧಾನವಾಗಿ ತನ್ನಿ. ಸರಿಯಿರುವ ಕಡೆ ಹೊಗೆ ನೆಟ್ಟಗೆ ಏರುತ್ತದೆ. ತೂತಿರುವ ಕಡೆ ಬಂದಾಗ ಎಳೆ ಬಾಗಿ, ತೆಳ್ಳಗಾಗಿ, ಪೈಪಿನೊಳಗೆ ನುಸುಳಿ ಮಾಯವಾಗುತ್ತದೆ. ನಾನು ಮೊದಲ ಸಲ ತೋರಿಸಿದಾಗ ದೊಡ್ಡಪ್ಪ ನನ್ನ ಕೈಯಿಂದ ಕಡ್ಡಿ ಕಸಿದುಕೊಂಡು ಮೂರು ಸಲ ಆ ಜಾಗಕ್ಕೇ ಹಿಡಿದು ನೋಡಿದರು. ಗಾಳಿ ಬೀಸುವ ಹೊತ್ತಾದರೆ ಹೊಗೆ ಬೇಡ, ದಪ್ಪ ಸೋಪಿನ ನೊರೆ ಬಳಿಯಿರಿ. ತೂತಿದ್ದಲ್ಲಿ ನೊರೆಯಲ್ಲಿ ಗುಳಿ ಬೀಳುತ್ತದೆ.

ಕೈಯಿಂದ ಒಮ್ಮೆ ತಿರುಗಿಸಿ

ಫ್ಯೂಸು ಇನ್ನೂ ಜೇಬಿನಲ್ಲೇ ಇರಲಿ. ಮೋಟರಿನ ಹಿಂದಿನ ಫ್ಯಾನಿನ ಮುಚ್ಚಳ ತೆಗೆದು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ತುಕ್ಕು ಹಿಡಿದಿದೆ, ಶಾಫ್ಟಿಗೆ ಸ್ವಲ್ಪ ಎಣ್ಣೆ ಬಿಟ್ಟು ಅತ್ತಿತ್ತ ಆಡಿಸಿ ಬಿಡಿಸಿ. ಬಿಡದಿದ್ದರೆ ಮೋಟರಿನ ಬಲದಿಂದ ಬಿಡಿಸುವ ಯೋಚನೆ ಬೇಡ.

ಹೆಚ್ಚು ನೀರು ಸೋರದಂತೆ ಶಾಫ್ಟಿನ ಸುತ್ತ ತುರುಕುವ ಗ್ಲ್ಯಾಂಡ್ ದಾರದ ಪಂಪಾದರೆ ವರ್ಷಕ್ಕೊಮ್ಮೆ ದಾರ ಬದಲಿಸಿ. ಹಳೆಯದನ್ನು ಪೂರ್ತಿ ಕೀಳಿ, ಅದರ ಮೇಲೇ ಹೊಸದು ತುರುಕಬೇಡಿ. ಒಂದೊಂದು ಸುತ್ತಿಗೂ ಬೇರೆ ತುಂಡು, ತುದಿ ಓರೆಯಾಗಿ ಕತ್ತರಿಸಿದ್ದಿರಲಿ, ಒಂದರ ಜೋಡಣೆ ಇನ್ನೊಂದರ ನೇರಕ್ಕೆ ಬಾರದಿರಲಿ. ನಟ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿಯಿರಿ. ಓಡುವಾಗ ಸೆಕೆಂಡಿಗೊಂದು ಹನಿ ಬೀಳುತ್ತಿರಬೇಕು, ದಾರವನ್ನು ತಣ್ಣಗಿಡುವುದು ಆ ಹನಿಯೇ. ಒಂದು ಹನಿಯೂ ಬೀಳದಂತೆ ಬಿಗಿದು ಹೆಮ್ಮೆಪಡುವವರ ಪಂಪಿನ ಶಾಫ್ಟು ನೋಡಿ, ಉಗುರು ಸಿಕ್ಕುವಷ್ಟು ಗೀರು ಬಿದ್ದಿರುತ್ತದೆ. ದಾರದ ಬದಲು ಮೆಕ್ಯಾನಿಕಲ್ ಸೀಲ್ ಇರುವ ಪಂಪಿನಲ್ಲಿ ಹನಿ ಬೀಳಬಾರದು. ಆದರೆ ನೀರಿಲ್ಲದೆ ಕೆಲವೇ ನಿಮಿಷ ಓಡಿದರೂ ಆ ಸೀಲು ಕೆಡುತ್ತದೆ.

ಇಂಪೆಲ್ಲರ್ ಬಿಚ್ಚುವ ಕೆಲಸ ಕೊನೆಗಿರಲಿ.

ನೀರು ತುಂಬಿಸುವುದು, ಚಾಲು ಮಾಡುವುದು

ನೀರು ತುಂಬಿಸುವಾಗ ಗುಳುಗುಳು ಸದ್ದು ನಿಲ್ಲುವ ತನಕ ಹಾಕಿ, ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಮತ್ತೆ ಹಾಕಿ. ಇಂಪೆಲ್ಲರ್ ರೆಕ್ಕೆಗಳ ಸಂದಿಯಲ್ಲಿ ಸಿಕ್ಕಿದ ಗಾಳಿ ಆಗ ಹೊರಬರುತ್ತದೆ. ಡೆಲಿವರಿಯ ಗೇಟ್‌ವಾಲ್ವ್ ಮುಚ್ಚಿ, ಫ್ಯೂಸು ಹಾಕಿ, ಒಂದು ಕ್ಷಣ ಒತ್ತಿ ಬಿಡಿ. ತಿರುಗುವ ದಿಕ್ಕು ಪಂಪಿನ ಮೈಮೇಲಿನ ಬಾಣದ ಗುರುತಿಗೆ ಹೊಂದಬೇಕು.

"ಹೋದ ವರ್ಷ ಸರಿಯಿತ್ತಲ್ಲ, ಈಗೇಕೆ ತಿರುಮುರುವಾಗುತ್ತದೆ?" ಎಂದು ಕೇಳುವವರುಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಮತ್ತೆ ಜೋಡಿಸುವಾಗ ಫೇಸುಗಳು ಅದಲುಬದಲಾಗುವುದುಂಟು. ನಮ್ಮ ಮನೆಯೊಳಗೆ ಯಾರೂ ಏನನ್ನೂ ಮುಟ್ಟದೆಯೇ ಪಂಪು ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೂ ನೀರು ಬರುತ್ತದೆ, ಮನಸ್ಸಿಲ್ಲದ ಮನಸ್ಸಿನಿಂದ ಬಂದ ಹಾಗೆ. ಅದಕ್ಕೇ ಇದನ್ನು ಬೇಗ ಪತ್ತೆ ಹಚ್ಚುವವರು ಕಡಿಮೆ. ಮತ್ತೆ ಫ್ಯೂಸು ಕಿತ್ತು, ಮೋಟರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಗುಂಯ್ ಎಂದು ತಿರುಗದೆ ನಿಂತರೆ ಒಂದು ಫೇಸು ಇಲ್ಲವೆಂದು ತಿಳಿದು ತಕ್ಷಣ ಬಂದ್ ಮಾಡಿ.

ವೇಗ ಹಿಡಿದ ಮೇಲೆ ಗೇಟ್‌ವಾಲ್ವನ್ನು ನಿಧಾನವಾಗಿ ತೆರೆಯಿರಿ. ಕರೆಂಟು ಮಿತಿ ಮೀರಿದರೆ ಮೋಟರು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೋಟರಿನ ಫಲಕದಲ್ಲಿ ಬರೆದ ಆಂಪಿಯರಿಗೇ ಇಡಿ, ಮೂರು ಎಚ್‌ಪಿಗೆ ಐದರ ಆಸುಪಾಸು, ಐದು ಎಚ್‌ಪಿಗೆ ಏಳೂವರೆ ಎಂಟು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ಕಿವಿ ತಿರುವಿ ಮೇಲೇರಿಸುವುದು, ಬೊಗಳುವ ನಾಯಿಯ ಬಾಯಿ ಕಟ್ಟಿ ಮಲಗಿದಂತೆ.

ಎರಡು ಗೇಜು, ಒಂದು ಡ್ರಮ್ಮು

ದೋಣಿಯಲ್ಲಿ ಎಸಿ ಚಾಲು ಮಾಡಿದವನು ಮೊದಲು ಮಾಡುವ ಕೆಲಸ ಬದಿಗೆ ಬಗ್ಗಿ ನೀರು ಬೀಳುತ್ತಿದೆಯೇ ಎಂದು ನೋಡುವುದು. ನಮ್ಮ ನೀರು ಬೀಳುವುದು ಗುಡ್ಡದ ಮೇಲಿನ ತೋಟದಲ್ಲಿ, ಪಂಪು ಇರುವುದು ಕೆಳಗೆ ಹಳ್ಳದಲ್ಲಿ. ಹತ್ತಿ ಹೋಗಿ ನೋಡಿ ಇಳಿದು ಬರುವಷ್ಟರಲ್ಲಿ ಪಂಪು ನೀರಿಲ್ಲದೆ ಓಡಿ ಸೀಲು ಹೋಗಿರುತ್ತದೆ. ಅದಕ್ಕಾಗಿ ಪಂಪಿನ ಪಕ್ಕದಲ್ಲೇ ಎರಡು ಗೇಜು ಹಾಕಿ, ಡೆಲಿವರಿಗೆ ಒತ್ತಡದ್ದು, ಸಕ್ಷನ್‌ಗೆ ನಿರ್ವಾತದ್ದು. ಒತ್ತಡದ ಗೇಜಿನಲ್ಲಿ ಒಂದು ಕೆಜಿ ಎಂದರೆ ಹತ್ತು ಮೀಟರ್ ಎತ್ತರ.

ನಿರ್ವಾತದ ಗೇಜು ನಮ್ಮಲ್ಲಿ ಹಾಕಿದವರು ವಿರಳ, ಹೆಚ್ಚು ಮಾತಾಡುವುದು ಮಾತ್ರ ಅದೇ. ಅದರ ಒಂದು ಇಂಚು ಪಾದರಸದ ಲೆಕ್ಕದ್ದು, ಸುಮಾರು 34 ಸೆಂಟಿಮೀಟರ್ ನೀರಿಗೆ ಸಮ. ನಾಲ್ಕು ಮೀಟರ್ ಕೆಳಗಿನ ನೀರು, ಅರ್ಧ ಮೀಟರ್ ತಿಕ್ಕಾಟ ಎಂದರೆ ಮುಳ್ಳು 13ರಲ್ಲಿ ನಿಲ್ಲುತ್ತದೆ. ಎಲ್ಲ ಶುಚಿಯಾಗಿರುವ ದಿನ ಎಲ್ಲಿ ನಿಂತಿತು ಎಂದು ಗೋಡೆಯ ಮೇಲೆ ಬರೆದಿಡಿ. ಮುಂದೊಂದು ದಿನ 18, 20 ತೋರಿಸಿ ನೀರು ಕಡಿಮೆಯಾದರೆ ಬಲೆಯೋ ಜಾಲರಿಯೋ ಕಟ್ಟಿದೆ. ಮುಳ್ಳು ಕೆಳಗಿಳಿದು ನಡುಗುತ್ತಿದ್ದರೆ ಗಾಳಿ ಸೇರುತ್ತಿದೆ, ಊದುಬತ್ತಿ ತನ್ನಿ. ನಡುಗದೆ ತುಸು ಕೆಳಗೆ ನಿಂತು, ಡೆಲಿವರಿ ಒತ್ತಡವೂ ಇಳಿದಿದ್ದರೆ ಆಗ ಮಾತ್ರ ಇಂಪೆಲ್ಲರ್ ಬಿಚ್ಚಿ. ಸವೆದಿರಬಹುದು, ಅಥವಾ ಅದರ ಕಣ್ಣಿಗೆ ಅಡಿಕೆ ಸಿಪ್ಪೆಯ ನಾರು ಸುತ್ತಿಕೊಂಡಿರಬಹುದು. ಪಂಪಿನೊಳಗೆ ಜಲ್ಲಿ ಹಾಕಿ ಅಲುಗಿಸಿದಂಥ ಸದ್ದು ಕೇಳಿದರೆ ಮುಳ್ಳು ತೀರ ಮೇಲಿರುತ್ತದೆ. ಒತ್ತಡ ತೀರ ತಗ್ಗಿ ಒಳಗೆ ತಣ್ಣೀರೇ ಕುದಿದು ಗುಳ್ಳೆ ಒಡೆಯುವ ಸದ್ದು ಅದು, ಲೋಹವನ್ನು ಕಚ್ಚಿ ತಿನ್ನುತ್ತದೆ.

ಈ ಗೇಜಿನಿಂದ ಇನ್ನೊಂದು ಲಾಭವಿದೆ. ಹಳ್ಳ ಒಂದು ಅಡಿ ಇಳಿದರೆ ಮುಳ್ಳು ಹತ್ತಿರ ಹತ್ತಿರ ಒಂದು ಇಂಚು ಏರುತ್ತದೆ. ಜನವರಿಯಿಂದ ಮಾರ್ಚಿನ ತನಕ ಗೋಡೆಯ ಮೇಲಿನ ಅಂಕಿಗಳನ್ನು ಓದಿದರೆ ಹಳ್ಳದ ಬೇಸಿಗೆ ಕಣ್ಣೆದುರು ಇರುತ್ತದೆ.

ತಿಂಗಳಿಗೊಮ್ಮೆ ತೋಟದ ಮೇಲಿನ ತುದಿಯಲ್ಲಿ 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. 40 ಸೆಕೆಂಡಾದರೆ ಗಂಟೆಗೆ 18,000 ಲೀಟರ್. ಅಳೆಯುವ ಜಾಗ ಬದಲಿಸಬೇಡಿ. ಪಂಪಿನ ಬುಡದಲ್ಲೇ ಪೈಪು ಬಿಚ್ಚಿ ಅಳೆದರೆ ಭಾರಿ ನೀರು ಬಂದು ಖುಷಿಯಾಗುತ್ತದೆ, ಅಷ್ಟು ನೀರು ತಳ್ಳಲು ಹೋಗಿ ಮೋಟರು ಆಂಪಿಯರ್ ಜಾಸ್ತಿ ಎಳೆಯುತ್ತದೆ.

ಜೂನ್ ಬರುವ ಮೊದಲು

ಕಟ್ಟ ಒಡೆಯುವ ಮುನ್ನವೇ ಪೈಪು, ಬುಟ್ಟಿ, ಫುಟ್‌ವಾಲ್ವ್ ಮೇಲೆತ್ತಿ. ಪಂಪಿನ ಕೆಳಗಿನ ಬಿರಡೆ ಬಿಚ್ಚಿ ನೀರು ಬಸಿಯಿರಿ. ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಕುಂಬಾರ ಹುಳು ಒಳಗೆ ಮಣ್ಣಿನ ಮನೆ ಕಟ್ಟುತ್ತದೆ. ಇಬ್ಬರು ಹೊರುವಂತಿದ್ದರೆ ಪಂಪನ್ನು ಮನೆಯ ಜಗುಲಿಗೇ ತನ್ನಿ, ಆಗದಿದ್ದರೆ ಹೋದ ಮಳೆಗಾಲದ ನೆರೆಯ ಗುರುತಿಗಿಂತ ಮೇಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಬೇಡಿ, ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ಮೇಲೊಂದು ತಗಡು, ಸುತ್ತ ಗಾಳಿಯಾಡಲು ಜಾಗ ಇದ್ದರೆ ಸಾಕು. ತಿಂಗಳಿಗೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಿ.

ಫುಟ್‌ವಾಲ್ವನ್ನು ನೆಲದ ಮೇಲೆ ಬಿಟ್ಟರೆ ಇಲಿ ರಬ್ಬರು ಕಡಿಯುತ್ತದೆ. ತಂತಿ ಕಟ್ಟಿ ಕೊಟ್ಟಿಗೆಯ ಜಂತಿಗೆ ತೂಗಿ ಹಾಕಿ.